ಮೇಘರಾಜ್‌ಗೆ ಇಲಾಖೆಯ ಅಪ್ಲಿಕೇಶನ್ ಸಾಗಿಸುವುದು: ಯಾವ ಕ್ಲೌಡ್, ಎಷ್ಟು ಜಾಗ, ಎಡವುವುದೆಲ್ಲಿ?

ಕಡತಪ್ರಿಯ

ಮಧ್ಯಮ ಗಾತ್ರದ ಒಂದು ಇಲಾಖಾ ಅಪ್ಲಿಕೇಶನ್ ಅಂದುಕೊಳ್ಳಿ. ಸದ್ಯಕ್ಕೆ ಕಚೇರಿಯ ಸರ್ವರ್ ಕೋಣೆಯಲ್ಲೇ ಓಡುತ್ತಿದೆ. ಎರಡು ಅಪ್ಲಿಕೇಶನ್ ಸರ್ವರ್, ಒಂದು ಡೇಟಾಬೇಸ್, ಒಂದು ಫೈಲ್ ಸರ್ವರ್. ಡೇಟಾಬೇಸ್ 80 ಜಿಬಿ, ಸ್ಕ್ಯಾನ್ ಮಾಡಿದ ಹಳೆಯ ದಾಖಲೆಗಳು 600 ಜಿಬಿ. ತಾಲ್ಲೂಕು ಕಚೇರಿಗಳು ರಾಜ್ಯ ಸರ್ಕಾರದ ಜಾಲವಾದ ಕೆಸ್ವಾನ್ ಮೂಲಕ ಬರುತ್ತವೆ, ಸಾರ್ವಜನಿಕರು ಮೊಬೈಲಿನಿಂದ. ಈಗ ಕಡತದಲ್ಲಿ "ಮೇಘರಾಜ್‌ಗೆ ವರ್ಗಾಯಿಸಿ" ಎಂಬ ಟಿಪ್ಪಣಿ ಬಂದಿದೆ.

ಮೇಘರಾಜ್ ಅಂದರೆ ನಿಜಕ್ಕೂ ಯಾವ ಜಾಗ? ಎನ್‌ಐಸಿ (ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ), ರಾಜ್ಯ ಡೇಟಾ ಸೆಂಟರ್, ಎಂಪ್ಯಾನೆಲ್ ಆದ (ಸರ್ಕಾರದ ಅನುಮೋದಿತ ಪಟ್ಟಿ ಸೇರಿದ) ಖಾಸಗಿ ಕಂಪನಿ, ಇವುಗಳಲ್ಲಿ ಯಾವುದಕ್ಕೆ ಹೋಗಬೇಕು? ಅಂದಾಜು ಪಟ್ಟಿಯಲ್ಲಿ ಜನ ಮರೆಯುವುದೇನು? ಕರಪತ್ರದ ಮಾತು ಬೇಡ, ಕೆಲಸದ ಮಾತು ಹೇಳಿ.

ದತ್ತಾಂಶದಾಸ

ಮೇಘರಾಜ್ ಒಂದು ಕಟ್ಟಡವೂ ಅಲ್ಲ, ಒಂದು ಕಂಪನಿಯೂ ಅಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ 2013ರಲ್ಲಿ ಹೊರಡಿಸಿದ ಸರ್ಕಾರಿ ಕ್ಲೌಡ್ ಯೋಜನೆಗೆ ಇಟ್ಟ ಹೆಸರು. ಅದರ ಕೆಳಗೆ ಮೊದಲು ಎದ್ದದ್ದು ಎನ್‌ಐಸಿಯ ನ್ಯಾಷನಲ್ ಕ್ಲೌಡ್, 2014ರ ಫೆಬ್ರವರಿ 4ರಂದು ಚಾಲನೆಗೊಂಡಿತು. ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ಎನ್‌ಐಸಿಯ ರಾಷ್ಟ್ರೀಯ ಡೇಟಾ ಸೆಂಟರ್‌ಗಳಿವೆ. ದೇಶದ ಎಲ್ಲ ಇಲಾಖೆಗಳ ಹೊರೆಯನ್ನು ಒಂದೇ ಹೆಗಲು ಹೊರಲಾರದು ಅನ್ನುವುದು ಸ್ಪಷ್ಟವಾದ ಮೇಲೆ ಖಾಸಗಿ ಕಂಪನಿಗಳನ್ನು ಎಂಪ್ಯಾನೆಲ್ ಮಾಡುವ ದಾರಿ ತೆರೆಯಿತು. ಅರ್ಜಿ ಹಾಕಿದ ಕಂಪನಿಯನ್ನು ಸರ್ಕಾರದ ಗುಣಮಟ್ಟ ಪರೀಕ್ಷಾ ಘಟಕ ಎಸ್‌ಟಿಕ್ಯೂಸಿ ಆಡಿಟ್ ಮಾಡುತ್ತದೆ, ಸಚಿವಾಲಯ ಪಟ್ಟಿಗೆ ಸೇರಿಸುತ್ತದೆ. ಡೇಟಾ ಭಾರತದೊಳಗೇ ಇರಬೇಕು. ಐಎಸ್‌ಒ 27001, 27017, 27018ರಂಥ ಮಾಹಿತಿ ಭದ್ರತೆಯ ಪ್ರಮಾಣಪತ್ರಗಳೂ ಬೇಕು.

ಪಟ್ಟಿಯಲ್ಲಿ ಮೂರು ಬಗೆ ಕಾಣುತ್ತವೆ. ಪಬ್ಲಿಕ್ ಕ್ಲೌಡ್‌ನಲ್ಲಿ ಎಲ್ಲ ಗ್ರಾಹಕರಿಗೂ ಒಂದೇ ಯಂತ್ರಸಮೂಹ. ವರ್ಚುವಲ್ ಪ್ರೈವೇಟ್ ಕ್ಲೌಡ್‌ನಲ್ಲಿ ಯಂತ್ರ ಹಂಚಿಕೆಯಾದರೂ ನೆಟ್‌ವರ್ಕ್ ಪ್ರತ್ಯೇಕ. ಗವರ್ನಮೆಂಟ್ ಕಮ್ಯುನಿಟಿ ಕ್ಲೌಡ್ ಅಂದರೆ ಸರ್ವರ್, ಸ್ಟೋರೇಜ್ ಎಲ್ಲವೂ ಸರ್ಕಾರಿ ಗ್ರಾಹಕರಿಗೆಂದೇ ಮೀಸಲು. ಮೂರನೆಯದು ದುಬಾರಿ. ಎಲ್ಲದಕ್ಕೂ ಅದನ್ನೇ ಕೇಳುವ ಚಟ ಇಲಾಖೆಗಳಿಗಿದೆ. ಇಲಾಖೆಯ ಪ್ರಕಟಣೆ ತೋರಿಸುವ ಜಾಲತಾಣಕ್ಕೆ ಅದು ದಂಡ.

ಪಟ್ಟಿ ನೋಡುವಾಗ ಕಂಪನಿಯ ಹೆಸರಿಗೆ ಸಮಾಧಾನಪಡಬೇಡಿ. ಎಂಪ್ಯಾನೆಲ್ ಆಗಿರುವುದು ನಿರ್ದಿಷ್ಟ ಡೇಟಾ ಸೆಂಟರ್, ನಿರ್ದಿಷ್ಟ ಬಗೆ, ನಿರ್ದಿಷ್ಟ ಸೇವೆಗಳಿಗೆ. ಮುಂಬೈ ಕೇಂದ್ರ ಆಡಿಟ್ ಆಗಿ, ಅದೇ ಕಂಪನಿಯ ಇನ್ನೊಂದು ಊರಿನ ಕೇಂದ್ರ ಆಗದೆ ಉಳಿದಿರಬಹುದು. ಡಿಆರ್ ತಾಣವನ್ನು (ಮುಖ್ಯ ಕೇಂದ್ರ ಕೆಟ್ಟಾಗ ಕೆಲಸ ಮುಂದುವರಿಸುವ ಬದಲಿ ತಾಣ) ಅಲ್ಲಿ ತೋರಿಸಿದರೆ ಆಕ್ಷೇಪಣೆ ಖಚಿತ. ಸಿಂಧುತ್ವದ ಕೊನೆಯ ದಿನಾಂಕವನ್ನೂ ಬರೆದುಕೊಳ್ಳಿ.

ಸರ್ವರ್ ಸಂಗಪ್ಪ

ಆರಿಸೋ ವಿಷಯಕ್ಕ ನಂದೊಂದು ಮಾತು. ಎಲ್ಲಿ ಇಡಬೇಕು ಅನ್ನೋದಕ್ಕಿಂತ ಮೊದಲು, ಯಾರು ಎಲ್ಲಿಂದ ಬರ್ತಾರ ಅಂತ ನೋಡ್ರಿ. ನೂರಕ್ಕ ತೊಂಬತ್ತು ಬಳಕೆ ತಾಲ್ಲೂಕು ಕಚೇರಿಗಳಿಂದ ಕೆಸ್ವಾನ್ ಮ್ಯಾಲೇ ಇದ್ರ ರಾಜ್ಯ ಡೇಟಾ ಸೆಂಟರ್ ಛಲೋ, ದಾರಿ ಸಣ್ಣದು. ಅದನ್ನ ಹೊರಗಿನ ಕ್ಲೌಡ್‌ಗೆ ಒಯ್ದ್ರ ತಾಲ್ಲೂಕಿನ ಕಡತ ಕೆಸ್ವಾನ್ ಹತ್ತಿ, ಬೆಂಗಳೂರಿನ ಗೇಟ್‌ವೇ ದಾಟಿ, ಇಂಟರ್ನೆಟ್‌ನ್ಯಾಗ ಹಾದು, ಮತ್ತ ಅದೇ ದಾರಿ ಹಿಡಿದು ಬರಬೇಕು. ಗೇಟ್‌ವೇದಾಗ ಇಕ್ಕಟ್ಟಾತಂದ್ರ "ಕ್ಲೌಡ್ ನಿಧಾನ ಐತಿ" ಅಂತ ಎಲ್ಲಾರೂ ಬೈತಾರ. ಅದು ಕ್ಲೌಡ್‌ನ ತಪ್ಪಲ್ರೀ.

ಗಾತ್ರ ಹೇಳಾಕ ಈಗಿನ ಸರ್ವರ್‌ನ ಬೋರ್ಡು ನೋಡಬ್ಯಾಡ್ರಿ. "ಈಗ 32 ಕೋರ್ ಐತಿ, ಅಲ್ಲೂ 32 ಕೊಡ್ರಿ" ಅನ್ನೋದು ದೊಡ್ಡ ದುಂದು. ಒಂದು ತಿಂಗಳು, 5 ನಿಮಿಷಕ್ಕೊಮ್ಮೆ ಸಿಪಿಯು, ಮೆಮೊರಿ, ಡಿಸ್ಕ್ ಐಒಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದೋದು, ಬರೆಯೋದು) ಬರೆದಿಡ್ರಿ. ಆ ತಿಂಗಳದಾಗ ಅರ್ಜಿಯ ಕಡೇ ದಿನ ಒಂದಾದ್ರೂ ಬರಬೇಕು. ಅತಿ ಎತ್ತರದ ಶೇ 5 ಅಳತೆ ಬಿಟ್ಟು ಉಳಿದದ್ದರ ಗರಿಷ್ಠ ತಗೊಂಡು, ಮ್ಯಾಲ ಶೇ 30 ಸೇರಿಸ್ರಿ. ಡೇಟಾಬೇಸ್‌ಗೆ ಕೋರ್‌ಗಿಂತ ಡಿಸ್ಕ್ ಮುಖ್ಯ. ಟೆಂಡರ್‌ನ್ಯಾಗ ಬರೇ "500 ಜಿಬಿ ಎಸ್‌ಎಸ್‌ಡಿ" ಅಂತ ಬರೆದ್ರ ಎಸ್‌ಎಸ್‌ಡಿ ಬರ್ತೈತಿ, ವೇಗ ಬರಂಗಿಲ್ಲ. ಪ್ರತಿ ಜಿಬಿಗೆ ಎಷ್ಟು ಐಒಪಿಎಸ್ ಅಂತ ಸಂಖ್ಯೆ ಹಾಕ್ರಿ.

ಬ್ಯಾಕಪ್ ಭಟ್ಟ

ಸಾಗಣೆಯ ಲೆಕ್ಕ: 600 ಜಿಬಿ ಅಂದರೆ 48 ಲಕ್ಷ ಮೆಗಾಬಿಟ್. 10 ಎಂಬಿಪಿಎಸ್ ಲೈನಿನಲ್ಲಿ 4,80,000 ಸೆಕೆಂಡ್, ಸುಮಾರು ಐದೂವರೆ ದಿನ, ಅದೂ ಹಗಲು ರಾತ್ರಿ ಪೂರ್ತಿ ಲೈನು ನಿಮ್ಮದೇ ಆದರೆ. ಕಚೇರಿ ಮುಗಿದ ಮೇಲೆ 12 ಗಂಟೆ ಮಾತ್ರ ಸಿಕ್ಕರೆ 11 ದಿನ.

ಸರ್ವರ್ ಸಂಗಪ್ಪ

ಭಟ್ರ, ಅದು ಒಂದೇ ಫೈಲ್ ಆಗಿದ್ರ. ಸ್ಕ್ಯಾನ್ ದಾಖಲೆ ಅಂದ್ರ ಒಂದೊಂದು 150 ಕೆಬಿ. 600 ಜಿಬಿಗೆ 40 ಲಕ್ಷ ಫೈಲ್ ಆಗ್ತಾವ. ಪ್ರತಿ ಫೈಲಿಗೂ ಹೋಗಿ ಬರೋ ಕೈಕುಲುಕಾಟಕ್ಕ 50 ಮಿಲಿಸೆಕೆಂಡ್ ಹಿಡಿದ್ರೂ ಬರೇ ಅದಕ್ಕ 2 ಲಕ್ಷ ಸೆಕೆಂಡ್, ಎರಡು ದಿನಕ್ಕಿಂತ ಹೆಚ್ಚು. 5 ಜಿಬಿಯ 120 ಗಂಟು ಕಟ್ರಿ, ಪ್ರತಿ ಗಂಟಿಗೂ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೀರಿ, ಅಲ್ಲಿ ಬಿಚ್ಚೋ ಮೊದಲು ತಾಳೆ ನೋಡ್ರಿ. ಇನ್ನೂ ಸರಳ ಅಂದ್ರ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನ್ಯಾಗ ತುಂಬಿ ಕೈಯಾಗ ಒಯ್ಯೋದು, ಪಾಸ್‌ವರ್ಡ್ ಬ್ಯಾರೆ ದಾರೀಲೆ ಕಳಿಸೋದು. ಆಮ್ಯಾಲೆ ಬದಲಾದದ್ದನ್ನಷ್ಟ ಆರ್‌ಸಿಂಕ್ ತಂತ್ರಾಂಶದಿಂದ ತುಂಬಿಕೊಂಡ್ರ ಆತು.

ಬ್ಯಾಕಪ್ ಭಟ್ಟ

ಒಪ್ಪಿದೆ, ನನ್ನ ಲೆಕ್ಕ ತೀರಾ ಉದಾರವಾಗಿತ್ತು.

ನುಡಿಗಾರ್ತಿ

ಕನ್ನಡದ ಡೇಟಾ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ. ಹಳೆಯ ಕೋಷ್ಟಕಗಳಲ್ಲಿ ಹೆಸರು, ವಿಳಾಸ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿದ್ದರೆ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಹಳೆಯ ಪದ್ಧತಿ) ಅದನ್ನು ಹಾಗೇ ಕ್ಲೌಡ್‌ಗೆ ಸಾಗಿಸುವುದು ದೊಡ್ಡ ತಪ್ಪು. ಹೊಸ ಸರ್ವರ್‌ನ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಬೇರೆಯಾಗಿ ಒಮ್ಮೆ ತಪ್ಪು ಪರಿವರ್ತನೆಯಾಯಿತೆಂದರೆ ಮೂಲ ಬೈಟ್‌ಗಳೇ ನಾಶ. ಆಮೇಲೆ ಯಾವ ಪರಿವರ್ತಕವೂ ಉಳಿಸುವುದಿಲ್ಲ. ಕೋಡ್‌ಪೇಜ್ ನಿಮ್ಮ ಕೈಯಲ್ಲಿರುವ ಹಳೆಯ ಯಂತ್ರದಲ್ಲೇ ಯುನಿಕೋಡ್ ಮಾಡಿ, ಪರೀಕ್ಷಿಸಿ, ನಂತರ ಸಾಗಿಸಿ.

ಪರೀಕ್ಷೆಗೆ ಯಾದೃಚ್ಛಿಕವಾಗಿ ನೂರು ಸಾಲು ತೆಗೆದರೆ ಸಾಲದು. ತಪ್ಪು ಕೂರುವ ಜಾಗಗಳು ಗೊತ್ತಿರುವಂಥವೇ. ಒಂದು ಅರ್ಕಾವೊತ್ತು: "ಸೂರ್ಯ" ಬರೆಯುವಾಗ ಆಸ್ಕಿ ಫಾಂಟ್‌ನಲ್ಲಿ ಅರ್ಕಾವೊತ್ತಿನ ಸಂಕೇತ ಯಕಾರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಯಕಾರಕ್ಕಿಂತ ಮೊದಲು. ಒತ್ತಕ್ಷರದ ಮೇಲೆ ಅರ್ಕಾವೊತ್ತು ಇದ್ದರೆ ಕಳಪೆ ಪರಿವರ್ತಕಗಳು ಮುಗ್ಗರಿಸುತ್ತವೆ. ಇನ್ನೊಂದು, ಒಂದೇ ಕಾಲಂನಲ್ಲಿ ಬೆರೆತ ಇಂಗ್ಲಿಷ್. ಮನೆ ನಂಬರಿನ ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡವೆಂದುಕೊಂಡು ಕಲಸಿಬಿಡುತ್ತವೆ.

ಕಾಲಂ ಉದ್ದವನ್ನೂ ನೋಡಿ. "ಕೃಷ್ಣಮೂರ್ತಿ" ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ 11 ಸಂಕೇತ, ಯುಟಿಎಫ್-8ರಲ್ಲಿ 33 ಬೈಟ್. ಬೈಟ್ ಲೆಕ್ಕದಲ್ಲಿ 30 ಎಂದು ಕಟ್ಟಿದ ಕಾಲಂನಲ್ಲಿ ಈ ಹೆಸರು ಹಿಡಿಸುವುದಿಲ್ಲ. ಒರಾಕಲ್ ಡೇಟಾಬೇಸ್‌ನಲ್ಲಿ ಉದ್ದ ಬೈಟ್‌ನಲ್ಲೋ ಅಕ್ಷರದಲ್ಲೋ ಎಂದು ಸ್ಪಷ್ಟವಾಗಿ ಘೋಷಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಂಕೇತಗಳನ್ನೇ ಎಣಿಸುವುದರಿಂದ ಅಲ್ಲಿ ತೊಂದರೆ ಕಡಿಮೆ.

ಕೊನೆಗೆ ಹುಡುಕಾಟ. "ೋ" ಒಂದೇ ಸಂಕೇತವಾಗಿಯೂ ಬರಬಹುದು, ೆ, ೂ, ೕ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿಸಿದ ಯುನಿಕೋಡ್ ರೂಪ) ತನ್ನಿ. "ರಾಜ್‌ಕುಮಾರ್" ಥರದ ಹೆಸರಿನ ನಡುವೆ ಅಡಗಿರುವ ಶೂನ್ಯ ಅಗಲದ ಸಂಕೇತವನ್ನು ಹುಡುಕಾಟದ ಕಾಲಂನಲ್ಲಿ ಮಾತ್ರ ತೆಗೆದುಹಾಕಿ. ಮುದ್ರಣದ ಕಾಲಂನಲ್ಲಿ ತೆಗೆದರೆ ಜ್‌ಗೆ ಕಕಾರ ಒತ್ತಾಗಿ ಅಂಟಿ ಹೆಸರೇ ಕೆಡುತ್ತದೆ.

ಲಾಗ್‌ಬುಕ್

ಸೆಕ್ಯುರಿಟಿ ಆಡಿಟ್ ಇಲ್ಲದೆ ಎನ್‌ಐಸಿಯಾಗಲಿ ರಾಜ್ಯ ಡೇಟಾ ಸೆಂಟರ್ ಆಗಲಿ ಸಾರ್ವಜನಿಕರಿಗೆ ತೆರೆಯಲು ಬಿಡುವುದಿಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಂಪ್ಯಾನೆಲ್ ಮಾಡಿದ ಆಡಿಟರ್‌ನಿಂದ "ಸೇಫ್ ಟು ಹೋಸ್ಟ್" ಪ್ರಮಾಣಪತ್ರ ಬೇಕು. ಆಡಿಟ್, ದೋಷ ಸರಿಪಡಿಸುವುದು, ಮರುಪರೀಕ್ಷೆ ಸೇರಿ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಎರಡು ವಾರ ಅಂತ ಬರೆದ ಯೋಜನಾಪಟ್ಟಿಗಳೇ ಹೆಚ್ಚು, ಮುಗಿದವು ಕಡಿಮೆ. ಆಡಿಟ್ ನಡೆಯುವಾಗ ಕೋಡ್ ಮುಟ್ಟಬಾರದು, ಪ್ರಮಾಣಪತ್ರ ಅದೇ ಆವೃತ್ತಿಗೆ ಸೇರಿದ್ದು.

ಲಾಗ್‌ಗಳ (ಯಂತ್ರದಲ್ಲಿ ನಡೆದದ್ದರ ದಾಖಲೆ) ವಿಚಾರದಲ್ಲಿ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ ಓದಿಕೊಳ್ಳಿ. ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನಗಳ ಲಾಗ್, ಗಡಿಯಾರಗಳು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಕೊಡುವ ಸರ್ವರ್) ಹೊಂದಿರಬೇಕು. ದಿನಕ್ಕೆ 3 ಜಿಬಿ ಲಾಗ್ ಅಂದರೆ 180 ದಿನಕ್ಕೆ 540 ಜಿಬಿ. ಇದು ಅಂದಾಜು ಪಟ್ಟಿಯಲ್ಲಿ ಇರುವುದೇ ಇಲ್ಲ. ಇದಕ್ಕೆ ವೇಗದ ಡಿಸ್ಕ್ ಬೇಡ, ಸಂಕುಚಿಸಿ ಅಗ್ಗದ ಆಬ್ಜೆಕ್ಟ್ ಸ್ಟೋರೇಜ್‌ಗೆ ತಳ್ಳಿ. ಲಾಗ್ ಇರುವ ಜಾಗಕ್ಕೆ ಅಪ್ಲಿಕೇಶನ್ ನಿರ್ವಹಿಸುವವರ ಅಳಿಸುವ ಹಕ್ಕು ಇರಕೂಡದು.

ಗಡಿಯಾರದಲ್ಲೊಂದು ಸಣ್ಣ ಬಲೆ: ವರ್ಚುವಲ್ ಯಂತ್ರ ತನ್ನನ್ನು ಓಡಿಸುವ ಹೈಪರ್‌ವೈಸರ್ ತಂತ್ರಾಂಶದಿಂದಲೂ ಸಮಯ ಪಡೆಯುತ್ತದೆ, ಎನ್‌ಟಿಪಿಯಿಂದಲೂ ಪಡೆಯುತ್ತದೆ. ಎರಡೂ ಎಳೆದಾಡಿದರೆ ಲಾಗ್‌ನ ಸಮಯ ಹಿಂದೆ ಮುಂದೆ ಜಿಗಿಯುತ್ತದೆ. ಒಂದನ್ನು ಆರಿಸಿಡಿ.

ಬ್ಯಾಕಪ್ ಭಟ್ಟ

ನನ್ನ ಹೆಸರಿಗೆ ತಕ್ಕ ವಿಷಯಕ್ಕೆ ಬರುತ್ತೇನೆ. ರಾಷ್ಟ್ರೀಯ ಕ್ಲೌಡ್ ಕಟ್ಟುವವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು ದಕ್ಷಿಣ ಕೊರಿಯಾದ ದೇಜಾನ್ ಪ್ರಕರಣ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸರ್ವರ್ ಕೋಣೆಯಿಂದ ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆದಿತ್ತು. ಬೆಂಕಿಗೆ ದೂರವಿರಲಿ ಎಂದೇ ಮಾಡಿದ ಸಾಗಣೆ, ಅದರ ನಡುವೆಯೇ ಹೊತ್ತಿಕೊಂಡಿತು. ಬೆಂಕಿ ಆರಲು ಸುಮಾರು 22 ಗಂಟೆ. 96 ವ್ಯವಸ್ಥೆಗಳು ನೇರವಾಗಿ ಹಾನಿಗೊಂಡವು, ಜೊತೆಗೆ ತಂಪು ಮಾಡುವ ಯಂತ್ರಗಳೂ ನಿಂತದ್ದರಿಂದ ಮುನ್ನೆಚ್ಚರಿಕೆಗೆಂದು ಆರಿಸಿದವು ಸೇರಿ 600ಕ್ಕೂ ಹೆಚ್ಚು ಸ್ತಬ್ಧ.

ಅದಕ್ಕಿಂತ ಕೆಟ್ಟದ್ದು ಜಿ-ಡ್ರೈವ್. ಸರ್ಕಾರಿ ನೌಕರರು ತಲಾ 30 ಜಿಬಿಯಂತೆ ಕಡತ ಇಡುತ್ತಿದ್ದ ಸ್ಟೋರೇಜ್, ಒಟ್ಟು 858 ಟಿಬಿ. "ಗಾತ್ರ ದೊಡ್ಡದು" ಎಂಬ ಕಾರಣಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ. ಸುಟ್ಟು ಹೋಯಿತು. ತಂತ್ರಜ್ಞಾನದಲ್ಲಿ ಕೊರಿಯಾವನ್ನು ಹಿಂದುಳಿದ ದೇಶ ಅನ್ನಲಾಗದು. ಬ್ಯಾಕಪ್‌ಗೆ ಹಣ ಕೇಳಿದಾಗ "ಗಾತ್ರ ದೊಡ್ಡದಾಯಿತಲ್ಲ" ಎಂಬ ಷರಾ ನಮ್ಮ ಕಡತಗಳಲ್ಲೂ ಬೀಳುತ್ತದೆ.

ಈಗ ನಿಮ್ಮ 680 ಜಿಬಿಗೆ ಲೆಕ್ಕ. ಡೇಟಾಬೇಸ್‌ನ ಪೂರ್ಣ ಪ್ರತಿ ವಾರಕ್ಕೊಂದು, ನಾಲ್ಕು ವಾರ ಇಟ್ಟರೆ 320 ಜಿಬಿ. ದಿನದ ಬದಲಾವಣೆ 5 ಜಿಬಿ, 30 ದಿನಕ್ಕೆ 150. ತಿಂಗಳಿಗೊಂದು ಪೂರ್ಣ ಪ್ರತಿ, ವರ್ಷಕ್ಕೆ 960. ಸ್ಕ್ಯಾನ್ ದಾಖಲೆ 600. ಒಟ್ಟು 2,030, ಎರಡು ಟಿಬಿ ಅನ್ನಿ. ಇದೇ ಇನ್ನೊಂದು ಊರಿನಲ್ಲಿ ಮತ್ತೊಂದು ಪ್ರತಿ. ಅಂದಾಜು ಪಟ್ಟಿಯಲ್ಲಿ 4 ಟಿಬಿ ಬರೆಯಿರಿ. ಎರಡರಲ್ಲಿ ಒಂದು, ಬರೆದ ಮೇಲೆ ನಿಗದಿತ ದಿನದವರೆಗೆ ಯಾರೂ ಅಳಿಸಲಾಗದ ಬಗೆಯದ್ದಾಗಿರಲಿ.

ಕಡತಪ್ರಿಯ

ಡಿಆರ್ ತಾಣ ಇದ್ದರೂ ಇಷ್ಟು ಬೇಕೇ? ಅಲ್ಲೇ ಒಂದು ಪ್ರತಿ ಇರುತ್ತದಲ್ಲ ಸರ್.

ಬ್ಯಾಕಪ್ ಭಟ್ಟ

ಬೇಕು. ಡಿಆರ್ ಅನ್ನುವುದು ಕನ್ನಡಿ. ಇಲ್ಲಿ ಯಾರೋ ತಪ್ಪಾಗಿ ಕೋಷ್ಟಕ ಅಳಿಸಿದರೆ ಕೆಲವೇ ಸೆಕೆಂಡಿನಲ್ಲಿ ಅಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದ ಫೈಲೂ ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ನಕಲಾಗುತ್ತದೆ. ಡಿಆರ್ ಇರುವುದು ಕಟ್ಟಡ ಹೋದಾಗ, ಬ್ಯಾಕಪ್ ಇರುವುದು ನಿನ್ನೆಗೆ ಹಿಂತಿರುಗಬೇಕಾದಾಗ. ಡಿಆರ್ ತಾಣ ಬೇರೆ ಭೂಕಂಪ ವಲಯದಲ್ಲಿದೆಯೇ ಎಂದೂ ನೋಡಿ.

ಮೂರು ತಿಂಗಳಿಗೊಮ್ಮೆ ಮರುಸ್ಥಾಪನೆ ಅಭ್ಯಾಸ ಮಾಡಿ. ಖಾಲಿ ಯಂತ್ರ ಎಬ್ಬಿಸಿ, ಬ್ಯಾಕಪ್‌ನಿಂದ ಮಾತ್ರ ಕಟ್ಟಿ, ಹತ್ತು ಅರ್ಜಿ ಸಂಖ್ಯೆ ಹಾಕಿ ಸ್ಕ್ಯಾನ್ ಪುಟ ತೆರೆಯುತ್ತದೆಯೇ ನೋಡಿ. 80 ಜಿಬಿ ಡಂಪ್ ನಕಲಾಗುವುದು ಬೇಗ, ಇಂಡೆಕ್ಸ್‌ಗಳು ಮತ್ತೆ ಕಟ್ಟಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಎನ್‌ಕ್ರಿಪ್ಷನ್ ಕೀಲಿ ಸುಟ್ಟ ಸರ್ವರ್‌ನಲ್ಲೇ ಇತ್ತು ಎಂಬುದು ಗೊತ್ತಾಗುವುದೂ ಇಂಥ ಅಭ್ಯಾಸದಲ್ಲೇ.

ಟೆಂಡರ್ ತಿಮ್ಮಿ

ಹಣದ ಮಾತು. ಕ್ಲೌಡ್ ಬಳಸಿದಷ್ಟಕ್ಕೆ ಬಿಲ್ ಕೊಡುತ್ತದೆ, ನಮ್ಮ ಮಂಜೂರಾತಿ ನಿಗದಿತ ಮೊತ್ತ ಕೇಳುತ್ತದೆ. ಜಗಳ ಅಲ್ಲೇ ಶುರು. ಪ್ರತಿ ಘಟಕದ ದರ, ವರ್ಷಕ್ಕೊಂದು ಗರಿಷ್ಠ ಮಿತಿ, ಮೂರು ತಿಂಗಳಿಗೊಮ್ಮೆ ಮೀಟರ್ ವರದಿ ನೋಡಿ ಪಾವತಿ: ಒಪ್ಪಂದ ಹೀಗಿರಲಿ. 90 ದಿನದ ನಂತರ ಗಾತ್ರ ಇಳಿಸುವ ಹಕ್ಕನ್ನೂ ಬರೆಸಿಕೊಳ್ಳಿ, ಇಲ್ಲದಿದ್ದರೆ ಸಂಗಪ್ಪನವರ ಅಳತೆಯೆಲ್ಲ ನೀರಿನಲ್ಲಿ ಹೋಮ.

ಬಿಲ್ ಹಿಗ್ಗಿಸುವವು ಸಣ್ಣ ಸಣ್ಣವೇ. ಆರಿಸಿದ ಯಂತ್ರದ ಡಿಸ್ಕ್‌ಗೂ ಬಾಡಿಗೆ ಓಡುತ್ತದೆ. ಯಾರೋ ಪರೀಕ್ಷೆಗೆ ತೆಗೆದ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ) ವರ್ಷವಿಡೀ ಕೂತಿರುತ್ತದೆ. ಹೊರಹೋಗುವ ಡೇಟಾಕ್ಕೆ ಬೇರೆ ದರ: ದಿನಕ್ಕೆ 20,000 ಜನ ತಲಾ 2 ಎಂಬಿ ಪಿಡಿಎಫ್ ಇಳಿಸಿಕೊಂಡರೆ 40 ಜಿಬಿ, ತಿಂಗಳಿಗೆ 1.2 ಟಿಬಿ. ಪಿಡಿಎಫ್ ಅನ್ನು 300 ಕೆಬಿಗೆ ಇಳಿಸುವುದು ಯಾವ ದರ ಚೌಕಾಸಿಗಿಂತಲೂ ಹೆಚ್ಚು ಉಳಿಸುತ್ತದೆ.

ಬಹಳ ಕಡೆ ಎಡವುವುದು ಖಾತೆಯ ಒಡೆತನದಲ್ಲಿ. ಟೆಂಡರ್ ಗೆದ್ದವರು ಸಾಮಾನ್ಯವಾಗಿ ಕ್ಲೌಡ್ ಕಂಪನಿಯಲ್ಲ, ನಡುವಿನ ನಿರ್ವಹಣಾ ಸಂಸ್ಥೆ. ಅವರು ತಮ್ಮ ಇಮೇಲ್‌ನಲ್ಲಿ ಖಾತೆ ತೆರೆದರೆ ಒಪ್ಪಂದ ಮುಗಿದ ದಿನ ನಿಮ್ಮ ಬೀಗದ ಕೈ ಅವರ ಜೇಬಿನಲ್ಲಿ. ಮೂಲ ಖಾತೆ ಇಲಾಖೆಯ ಹುದ್ದೆಯ ಹೆಸರಿನ ಸರ್ಕಾರಿ ಇಮೇಲ್‌ನಲ್ಲೇ ಇರಲಿ. ಎರಡನೇ ಹಂತದ ಕೀಲಿ ಸಾಧನ ಲಕೋಟೆಯಲ್ಲಿ ಮೊಹರಾಗಿ ಇಲಾಖೆಯ ಕಪಾಟಿನಲ್ಲಿರಲಿ. ಹೊರಹೋಗುವ ಷರತ್ತೂ ಬೇಕು: ಯಂತ್ರಗಳ ಇಮೇಜ್ (ಪೂರ್ಣ ನಕಲು) ಕ್ಯೂಕೌ2 ಅಥವಾ ವಿಎಂಡಿಕೆ ಫೈಲ್ ರೂಪದಲ್ಲಿ, ಡೇಟಾಬೇಸ್ ಡಂಪ್ ಆಗಿ, ಹೊರಸಾಗಣೆ ಶುಲ್ಕವಿಲ್ಲದೆ, ನಂತರ ಅಳಿಸಿದ ಪ್ರಮಾಣಪತ್ರ.

ಅತಿಯಾಯಿತು ಅನ್ನಬೇಡಿ. ಬ್ರಿಟನ್ನಿನ ಸರ್ಕಾರಿ ಕಚೇರಿಗಳಿಗೆ ಕ್ಲೌಡ್ ಒದಗಿಸುತ್ತಿದ್ದ ಯುಕೆಕ್ಲೌಡ್ 2022ರ ಅಕ್ಟೋಬರ್‌ನಲ್ಲಿ ದಿವಾಳಿಯಾಗಿ ಸಮಾಪನೆಗೆ ಹೋಯಿತು. ಫ್ರಾನ್ಸ್ ತನ್ನದೇ ಕ್ಲೌಡ್ ಬೇಕೆಂದು 2012ರಲ್ಲಿ ಕ್ಲೌಡ್‌ವಾಟ್, ನ್ಯೂಮರ್ಜಿ ಎಂಬ ಎರಡು ಕಂಪನಿಗಳಿಗೆ ತಲಾ 7.5 ಕೋಟಿ ಯೂರೊ ಹಾಕಿತು. ಒಂದೇ ಸಣ್ಣ ಮಾರುಕಟ್ಟೆಗೆ ಎರಡು ಅಂಗಡಿ. ಕ್ಲೌಡ್‌ವಾಟ್‌ನ ಬಾಗಿಲು 2020ರ ಆರಂಭದಲ್ಲಿ ಮುಚ್ಚಿತು.

ಉತ್ತರದಿಕ್ಕು

ಎಲ್ಲ ಸರಿ. ಆದರೆ ಅಮೆರಿಕದ ಕಂಪನಿಯ ಯಂತ್ರ ಮೇಘರಾಜ್ ಪಟ್ಟಿಯಲ್ಲಿದ್ದರೆ ಅದು ಯಾವ ಸೀಮೆಯ ರಾಷ್ಟ್ರೀಯ ಕ್ಲೌಡ್? ಕೋವಿಡ್ ಲಸಿಕೆಯ ಕೋವಿನ್ ಓಡಿದ್ದೂ ಅಮೆಜಾನ್ ಕ್ಲೌಡ್ ಮೇಲೆಯೇ. ಡೇಟಾ ಮುಂಬೈಯಲ್ಲಿದೆ ಅನ್ನುವುದು ಅರ್ಧ ಉತ್ತರ. ಅಮೆರಿಕದ 2018ರ ಕ್ಲೌಡ್ ಕಾಯ್ದೆ ಪ್ರಕಾರ ಅಲ್ಲಿನ ಕಂಪನಿಯ ಹಿಡಿತದಲ್ಲಿರುವ ಡೇಟಾ ಎಲ್ಲೇ ಇದ್ದರೂ ಅಲ್ಲಿನ ನ್ಯಾಯಾಲಯದ ಆದೇಶ ತಲುಪಬಹುದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ ತೈಲ ಕಂಪನಿ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಂತು, ವಿಷಯ ದೆಹಲಿ ಹೈಕೋರ್ಟ್‌ಗೆ ಹೋದ ಮೇಲೆ ಮರಳಿತು. ಭಾರತದ ನೆಲದಲ್ಲಿರುವ ಕಂಪನಿ, ಭಾರತದ ಕಾನೂನು ಮುರಿದಿರಲಿಲ್ಲ.

ದತ್ತಾಂಶದಾಸ

ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ "ಎಲ್ಲವೂ ಸ್ವದೇಶಿ" ಎಂಬ ಘೋಷಣೆಯಲ್ಲಿಲ್ಲ, ವರ್ಗೀಕರಣದಲ್ಲಿದೆ. ಸಾರ್ವಜನಿಕ ಮಾಹಿತಿ ಎಲ್ಲಿದ್ದರೇನು? ಭೂದಾಖಲೆ, ಆರೋಗ್ಯ ದಾಖಲೆಯಂಥವು ಎನ್‌ಐಸಿ ಅಥವಾ ರಾಜ್ಯ ಡೇಟಾ ಸೆಂಟರ್‌ನಲ್ಲಿರಲಿ. ನಡುವಿನದಕ್ಕೆ ಎನ್‌ಕ್ರಿಪ್ಷನ್ ಕೀಲಿಯನ್ನು ಕ್ಲೌಡ್ ಕಂಪನಿಯ ಹೊರಗೆ, ಇಲಾಖೆಯ ಎಚ್‌ಎಸ್‌ಎಂನಲ್ಲಿ (ಕೀಲಿ ಕಾಯುವ ವಿಶೇಷ ಯಂತ್ರ) ಇಡಿ. ಜಪಾನ್ ನಾಲ್ಕು ಅಮೆರಿಕನ್ ಕಂಪನಿಗಳನ್ನು ಸರ್ಕಾರಿ ಕ್ಲೌಡ್‌ಗೆ ತೆಗೆದುಕೊಂಡ ಮೇಲೆ 2023ರಲ್ಲಿ ತನ್ನದೇ ಸಕುರಾ ಇಂಟರ್‌ನೆಟ್ ಅನ್ನು ಷರತ್ತಿನ ಮೇಲೆ ಸೇರಿಸಿಕೊಂಡಿತು, ಎಲ್ಲ ತಾಂತ್ರಿಕ ಅರ್ಹತೆ ಪೂರೈಸಲು ಗಡುವು ಕೊಟ್ಟು. ಅದು ಹದವಾದ ದಾರಿ.

ಉತ್ತರದಿಕ್ಕು

ಕೀಲಿ ಹೊರಗಿದ್ದರೂ ಲೆಕ್ಕ ಮಾಡುವ ಹೊತ್ತಿಗೆ ಡೇಟಾ ಅವರ ಮೆಮೊರಿಯಲ್ಲಿ ಬಿಚ್ಚಿಕೊಳ್ಳಲೇಬೇಕು. ಸೇವೆ ನಿಲ್ಲಿಸಿದರೆ ಕೀಲಿಯಿಂದ ಏನೂ ಆಗದು. ಇದರಲ್ಲಿ ನಾನು ರಾಜಿಯಾಗಲಾರೆ.

ಲಾಗ್‌ಬುಕ್

ಕ್ಲೌಡ್ ಅಂದರೆ ಎಷ್ಟು ಜನ ಬಂದರೂ ತಾನೇ ಹಿಗ್ಗುತ್ತದೆ ಅನ್ನುವ ನಂಬಿಕೆಗೊಂದು ಮಾತು. 2018ರ ಫೆಬ್ರವರಿ 1ರಂದು ಸರಕು ಸಾಗಣೆಯ ಇ-ವೇ ಬಿಲ್ ದೇಶವ್ಯಾಪಿ ಶುರುವಾದ ದಿನವೇ ಪೋರ್ಟಲ್ ಒತ್ತಡ ತಾಳದೆ ನಿಂತು, ಕಡ್ಡಾಯ ಜಾರಿಯನ್ನು ಏಪ್ರಿಲ್ 1ಕ್ಕೆ ಮುಂದೂಡಬೇಕಾಯಿತು. ಕರ್ನಾಟಕದಲ್ಲಿ ಅದು ಹಿಂದಿನ ಸೆಪ್ಟೆಂಬರ್‌ನಿಂದಲೇ ಓಡುತ್ತಿತ್ತು. ಒಂದು ರಾಜ್ಯದ ಹೊರೆ ಬೇರೆ, ದೇಶದ್ದು ಬೇರೆ.

ಹಿಗ್ಗುವುದು ಅಪ್ಲಿಕೇಶನ್ ಸರ್ವರ್ ಮಾತ್ರ, ಡೇಟಾಬೇಸ್ ಅಲ್ಲ. ಪ್ರತಿ ಸರ್ವರ್ ಡೇಟಾಬೇಸ್‌ಗೆ 50 ಸಂಪರ್ಕ ತೆರೆದಿಟ್ಟುಕೊಂಡರೆ ಎರಡಕ್ಕೆ 100. ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೇ 100, ಅಲ್ಲೇ ಅಂಚು. ದಟ್ಟಣೆಗೆ ಹತ್ತು ಸರ್ವರ್ ಎದ್ದರೆ 500 ಸಂಪರ್ಕ ಕೇಳುತ್ತವೆ, ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ನಡುವೆ ಪಿಜಿಬೌನ್ಸರ್ (ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ತಂತ್ರಾಂಶ) ಕೂರಿಸಿ, ತೆರೆಯುವ ಮೊದಲು ನಿರೀಕ್ಷೆಯ ಮೂರು ಪಟ್ಟು ಹೊರೆಯಲ್ಲಿ ಎರಡು ಗಂಟೆ ಓಡಿಸಿ ನೋಡಿ.

ಕಡತಪ್ರಿಯ

ಎಲ್ಲರಿಗೂ ಋಣಿ. ಅಂದಾಜು ಪಟ್ಟಿಗೆ 4 ಟಿಬಿ ಬ್ಯಾಕಪ್, ಲಾಗ್ ಜಾಗ, ಯುನಿಕೋಡ್ ಪರಿವರ್ತನೆ ಸೇರಿಸುತ್ತಿದ್ದೇನೆ. ಬದಲಾಯಿಸುವ ರಾತ್ರಿಗೆ ಏನಾದರೂ ಉಳಿಯಿತೇ?

ಸರ್ವರ್ ಸಂಗಪ್ಪ

ಐಪಿ ಬದಲಾಗ್ತೈತಲ್ರೀ. ಎಸ್‌ಎಂಎಸ್ ಗೇಟ್‌ವೇ, ರಾಜ್ಯ ಖಜಾನೆಯ ತಂತ್ರಾಂಶ ಖಜಾನೆ-2, ಆಧಾರ್ ಸೇವೆ ಕೊಡೋರು, ಕೆಸ್ವಾನ್ ಫೈರ್‌ವಾಲ್, ಇವರೆಲ್ಲಾ ನಿಮ್ಮ ಹಳೇ ಐಪಿ ಬರಕೊಂಡು ಕುಂತಿರ್ತಾರ. ಹೊಸಾದು ಸೇರಿಸಾಕ ಪ್ರತಿಯೊಬ್ಬರಿಗೂ ಬ್ಯಾರೆ ಬ್ಯಾರೆ ಪತ್ರ, ಒಬ್ಬೊಬ್ಬರದು ಎರಡು ಮೂರು ವಾರ. ಈಗಲೇ ಬರೀರಿ. ಡಿಎನ್‌ಎಸ್ ಟಿಟಿಎಲ್ (ಹಳೇ ವಿಳಾಸ ಎಷ್ಟು ಹೊತ್ತು ನೆನಪಿಡಬೇಕು ಅನ್ನೋ ಅವಧಿ) ಎರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸ್ರಿ. ಹಳೇ ಸರ್ವರ್ ಒಂದು ತಿಂಗಳು ಓದಾಕ ಮಾತ್ರ ಬರೋಹಂಗ ಇಡ್ರಿ. ಮತ್ತ ಶುಕ್ರವಾರ ರಾತ್ರಿ ಮಾಡಬ್ಯಾಡ್ರಿ, ಶನಿವಾರ ಪತ್ರ ತಗೊಳ್ಳೋರು ಯಾರೂ ಇರಂಗಿಲ್ಲ.